ಸಹಾಯ ಬೇಕು: ಲಾರಿ ಹೀಟರಿನಲ್ಲಿ ಬಿಸಿಗಾಳಿ ಬರುತ್ತಿಲ್ಲ

ಅಣ್ಣಂದಿರೇ, ಸೇಬಿನ ಲೋಡಿಗೆ ಅಂತ ಕಾಶ್ಮೀರದ ಸೋಪೋರ್‌ಗೆ ಬಂದಿದ್ದೇನೆ. ರಾತ್ರಿ ಕೈ ಮರಗಟ್ಟುತ್ತದೆ, ಹೀಟರ್ ಹಾಕಿದರೆ ಬರೀ ತಣ್ಣನೆ ಗಾಳಿ. ಬ್ಲೋವರ್ ಚೆನ್ನಾಗಿಯೇ ತಿರುಗುತ್ತದೆ, ಫ್ಯೂಸ್ ಸರಿಯಿದೆ, ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ಫುಲ್ ಇದೆ. ನಮ್ಮ ಕಡೆ ಹೀಟರ್ ಮುಟ್ಟೋದೇ ಇಲ್ಲವಲ್ಲ, ಯಾವಾಗ ಕೆಟ್ಟಿತೋ ದೇವರಿಗೇ ಗೊತ್ತು.

ಅರ್ಧ ಗಂಟೆ ಓಡಿಸಿ ಬಂದು, ಇಂಜಿನ್ ಆಫ್ ಮಾಡಿ, ಇಂಜಿನ್ನಿನ ಬಿಸಿ ಕೂಲಂಟ್ ಹೀಟರಿಗೆ ಹೋಗಿ ಬರುವ ಎರಡೂ ಹೋಸ್ ಪೈಪ್ ಮುಟ್ಟಿ ನೋಡಿದೆ. ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ. ಟೆಂಪರೇಚರ್ ಮುಳ್ಳು ಮಾಮೂಲಿನಂತೆ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆದರೂ ಇಲ್ಲಿನ ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬದಲಿಸೋಣ ಅನ್ನುತ್ತಾನೆ. ಅದು ತೆರೆದೇ ನಿಂತಿದ್ದರೆ ಮುಳ್ಳು ಇಷ್ಟು ಮೇಲೆ ಏಳುತ್ತಿರಲಿಲ್ಲ, ಅಲ್ವಾ? ಸುಮ್ನೆ ದುಡ್ಡು ದಂಡ ಅನಿಸುತ್ತಿದೆ.

ಹೀಟರ್ ವಾಲ್ವ್ ಜಾಮ್ ಆಗಿದೆಯೋ, ಒಳಗೆ ಕೋರ್ (ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿದೆಯೋ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ, ಡ್ಯಾಶ್‌ಬೋರ್ಡ್ ಬಿಚ್ಚದೆ ಇದನ್ನು ಕಂಡುಹಿಡಿಯೋದು ಹೇಗೆ? ಎರಡೂ ಹೋಸ್ ಬಿಚ್ಚಿ ಉಲ್ಟಾ ಕಡೆಯಿಂದ ನೀರು ಬಿಟ್ಟು ತೊಳೆದರೆ ಸಾಕಾ? ಪ್ರೆಶರ್ ಜಾಸ್ತಿಯಾದರೆ ಕೋರ್ ಒಡೆಯುತ್ತದೆ ಅನ್ನೋ ಭಯ ಬೇರೆ.

ನಾಡಿದ್ದು ಲೋಡ್ ತಗೊಂಡು ಬನಿಹಾಲ್ ಘಾಟಿ ದಾಟಬೇಕು. ಚಳಿ ಹೇಗೋ ಕಂಬಳಿಯಲ್ಲಿ ತಡೆಯಬಹುದು, ಗ್ಲಾಸಿಗೆ ಮಂಜು ಹಿಡಿದರೆ ರಸ್ತೆಯೇ ಕಾಣೋದಿಲ್ಲ. ಗೊತ್ತಿದ್ದವರು ಬೇಗ ಹೇಳಿ.