ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಇಂಗಾಲ ಇರುವುದು ಎಲ್ಲಿ? ಬಯಲು ಕೆಸರಿನಲ್ಲಿ ಸಸಿ ನೆಡುವುದು ಸರಿಯೇ?

ಪ್ರಶ್ನೆ: ಕುಮಟಾ ವಿಜ್ಞಾನ ಶಿಕ್ಷಕ

ನಾನು ಕುಮಟಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂಬ ಸುದ್ದಿ 2024ರ ಜನವರಿಯ ಕೊನೆಯಲ್ಲಿ ಪ್ರಕಟವಾದಂದಿನಿಂದ ನಮ್ಮ ಮಕ್ಕಳಿಗೆ ಮನೆಯ ಹಿಂದಿನ ಕಾಂಡ್ಲಾ ಗಿಡಗಳ ಬಗ್ಗೆ ಹೊಸ ಕುತೂಹಲ ಹುಟ್ಟಿದೆ. ಒಂಬತ್ತನೆಯ ತರಗತಿಯವರು ಈ ಬಾರಿಯ ಯೋಜನೆಗೆ "ನಮ್ಮ ಕಾಂಡ್ಲಾ ಕಾಡು ಎಷ್ಟು ಇಂಗಾಲವನ್ನು ಹಿಡಿದಿಟ್ಟಿದೆ" ಎಂಬ ವಿಷಯವನ್ನು ಆರಿಸಿಕೊಂಡು, ಒಂದು ಸಣ್ಣ ತುಣುಕಿನಲ್ಲಿ ಮರಗಳ ಸುತ್ತಳತೆ ಮತ್ತು ಎತ್ತರವನ್ನು ಅಳೆದು ಲೆಕ್ಕ ಹಾಕಿದ್ದಾರೆ. ಬಂದ ಮೊತ್ತ ಹೆಕ್ಟೇರಿಗೆ ಕೆಲವು ಹತ್ತು ಟನ್ನುಗಳಷ್ಟೇ. ಆದರೆ ಓದಿದಲ್ಲೆಲ್ಲ ಕಾಂಡ್ಲಾ ಕಾಡು ನೆಲದ ಕಾಡಿಗಿಂತ ಹಲವು ಪಟ್ಟು ಹೆಚ್ಚು ಇಂಗಾಲವನ್ನು ಇಟ್ಟುಕೊಂಡಿದೆ ಎಂದೇ ಬರೆದಿರುತ್ತದೆ. ಘಟ್ಟದ ಮೇಲಿನ ದೊಡ್ಡ ಮರಗಳನ್ನು ನೋಡಿ ಬೆಳೆದ ಮಕ್ಕಳು, ಆಳೆತ್ತರದ ಈ ಗಿಡಗಳಿಗೆ ಅದು ಹೇಗೆ ಸಾಧ್ಯ ಎಂದು ಕೇಳುತ್ತಿದ್ದಾರೆ, ಮತ್ತು ಅವರು ಕೇಳುವುದು ನ್ಯಾಯವಾಗಿಯೇ ಇದೆ.

ಇನ್ನೆರಡು ವಿಷಯಗಳಿವೆ. ನಮ್ಮ ಅಳಿವೆಯ ತಳದಲ್ಲಿ ಬಳಚಿನ (ಎರಡು ಚಿಪ್ಪಿನ ಮೃದ್ವಂಗಿಯ) ಚಿಪ್ಪುಗಳು ರಾಶಿರಾಶಿಯಾಗಿವೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಆದ್ದರಿಂದ ಅದನ್ನೂ ಸಂಗ್ರಹಿತ ಇಂಗಾಲವೆಂದು ಎಣಿಸಬೇಕೇ? ಎರಡನೆಯದಾಗಿ, ಇಳಿತದಲ್ಲಿ ತೆರೆದುಕೊಳ್ಳುವ ಬಯಲು ಕೆಸರಿನಲ್ಲಿ ಕಾಂಡ್ಲಾ ಸಸಿಗಳನ್ನು ನೆಡುವ ಪ್ರಸ್ತಾಪವೊಂದು ಊರಿನ ಮುಂದಿದೆ. ಅದರಿಂದ ಇಂಗಾಲದ ಹೆಸರಿನಲ್ಲಿ ಊರಿಗೆ ಹಣವೂ ಬರಬಹುದೆಂದು ಹೇಳುತ್ತಿದ್ದಾರೆ. ಶಾಲೆಯ ಮಕ್ಕಳನ್ನೂ ಕರೆದಿದ್ದಾರೆ. ಒಪ್ಪಿಕೊಳ್ಳುವ ಮುನ್ನ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ 1: ಕೆಸರುಮಣ್ಣು

ಸರ್, ನಾನು ಕರಾವಳಿಯ ಮಣ್ಣಿನ ಮೇಲೆ ಕೆಲಸ ಮಾಡುವವಳು. ನಿಮ್ಮ ಮಕ್ಕಳ ಲೆಕ್ಕ ಮರದ ಮಟ್ಟಿಗೆ ಸರಿಯಾಗಿಯೇ ಇರಬೇಕು. ಉಳಿದದ್ದು ಅವರು ನಿಂತಿದ್ದ ಕೆಸರಿನೊಳಗಿದೆ.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ 25 ಕಾಂಡ್ಲಾ ಕಾಡುಗಳನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಲ್ಲಿನ ಒಟ್ಟು ಇಂಗಾಲದಲ್ಲಿ ಶೇ. 49ರಿಂದ 98ರಷ್ಟು ಭಾಗ ಮಣ್ಣಿನಲ್ಲಿಯೇ ಇದೆಯೆಂದು ತೋರಿಸಿತು. ಅಲ್ಲಿ ಸಿಕ್ಕ ಸರಾಸರಿ ಹೆಕ್ಟೇರಿಗೆ 1,023 ಟನ್. ಆದರೆ ಅವು ಆಳವಾದ ಮಣ್ಣಿನ, ಹುಲುಸಾದ ಕಾಡುಗಳಾಗಿದ್ದುದರಿಂದ ಆ ಅಂಕಿಯನ್ನು ನಮ್ಮ ಅಳಿವೆಗೆ ಹಾಗೆಯೇ ತಂದು ಹೊಂದಿಸಬಾರದು. ಸ್ಥಳೀಯ ಅಳತೆ ಇಲ್ಲದಾಗ ಬಳಸಲೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯು (ಐಪಿಸಿಸಿ) ತನ್ನ 2013ರ ಜೌಗುಭೂಮಿ ಮಾರ್ಗಸೂಚಿಯಲ್ಲಿ ಒಂದು ಮೀಟರ್ ಆಳದವರೆಗಿನ ಮಣ್ಣಿಗೆ ಕೊಟ್ಟ ಅಂಕಿಗಳು ಹೆಚ್ಚು ಸಂಯಮದವು: ಕಾಂಡ್ಲಾ ಕಾಡಿಗೆ ಹೆಕ್ಟೇರಿಗೆ 386 ಟನ್, ಉಪ್ಪುನೀರಿನ ಜೌಗು ಹುಲ್ಲುಗಾವಲಿಗೆ 255, ಕಡಲಹುಲ್ಲಿನ ನೆಲಕ್ಕೆ 108. ನಿಮ್ಮ ಮಕ್ಕಳು ಮರಗಳಲ್ಲಿ ಕಂಡುಕೊಂಡ ಕೆಲವು ಹತ್ತು ಟನ್ನುಗಳನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸದ ಕಾರಣ ಅವರಿಗೇ ಹೊಳೆಯುತ್ತದೆ.

ಹೀಗಾಗುವುದಕ್ಕೆ ಕಾರಣ ಕೊಳೆಯುವಿಕೆಯ ವೇಗ. ಘಟ್ಟದ ಕಾಡಿನಲ್ಲಿ ಉದುರಿದ ಎಲೆ ಗಾಳಿಯಾಡುವ ನೆಲದ ಮೇಲೆ ಬಿದ್ದು, ಗೆದ್ದಲು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಪಾಲಾಗಿ, ಅದರ ಇಂಗಾಲದ ಬಹುಭಾಗ ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. ಅಳಿವೆಯ ಕೆಸರು ದಿನಕ್ಕೆರಡು ಬಾರಿ ಉಬ್ಬರದಲ್ಲಿ ಮುಳುಗುತ್ತದೆ. ಅದರ ಕಣಗಳು ಎಷ್ಟು ನುಣುಪೆಂದರೆ ಮೇಲಿನ ಕೆಲವು ಮಿಲಿಮೀಟರುಗಳ ಕೆಳಗೆ ಆಮ್ಲಜನಕ ಬಹುತೇಕ ಇಳಿಯುವುದಿಲ್ಲ. ಅಲ್ಲಿ ಬೇರು, ಎಲೆ, ತೊಗಟೆಗಳು ಬಹಳ ನಿಧಾನವಾಗಿ ಕೊಳೆಯುತ್ತವೆ, ಕೆಲವು ಭಾಗ ಶತಮಾನಗಳವರೆಗೂ ಉಳಿಯುತ್ತದೆ. ಅವಿಸೆನ್ನಿಯಾ ಎಂಬ ಬಗೆಯ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಉಸಿರುಬೇರುಗಳನ್ನು ಚಾಚಿರುವುದು ಈ ಆಮ್ಲಜನಕದ ಅಭಾವದಿಂದಲೇ. ಆ ಬೇರುಗಳ ಸಂದಿಯಲ್ಲಿ ಹರಿವು ನಿಧಾನವಾಗಿ, ನದಿ ಘಟ್ಟದಿಂದ ತಂದ ಮಣ್ಣೂ ಎಲೆಪುಡಿಯೂ ಕೆಳಗಿಳಿದು ನೆಲ ಏರುತ್ತ ಹೋಗುತ್ತದೆ. ಸಮುದ್ರಮಟ್ಟ ನಿಧಾನವಾಗಿ ಏರುತ್ತಿರುವಷ್ಟು ಕಾಲ ಹೊಸ ಪದರಕ್ಕೆ ಜಾಗವೂ ಸಿಗುತ್ತಿರುತ್ತದೆ.

ಇನ್ನೊಂದು ಮಾತನ್ನು ಮಕ್ಕಳಿಗೆ ಖಂಡಿತ ಹೇಳಿ. ಕಾಂಡ್ಲಾ ಮಣ್ಣಿನಲ್ಲಿ ಹೊಸದಾಗಿ ಸೇರುವ ಇಂಗಾಲ ಹೆಕ್ಟೇರಿಗೆ ವರ್ಷಕ್ಕೆ ಎರಡು ಟನ್ನಿನ ಆಸುಪಾಸು ಎಂದು ಜಾಗತಿಕ ಸರಾಸರಿಗಳು ಹೇಳುತ್ತವೆ. ನೆಲದ ಕಾಡಿನ ಮಣ್ಣಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಮೊತ್ತವೇ ಹೌದು. ಆದರೂ 386ನ್ನು ಎರಡರಿಂದ ಭಾಗಿಸಿ ನೋಡಿದರೆ ಒಂದು ಮೀಟರ್ ಕೆಸರು ಸುಮಾರು ಇನ್ನೂರು ವರ್ಷಗಳ ಗಳಿಕೆ ಎಂದಾಗುತ್ತದೆ. ಜೆಸಿಬಿ ತಂದು ಅದನ್ನು ಅಗೆದು ಬದುವಿನ ಮೇಲೆ ಸುರಿದರೆ ಗಾಳಿಗೆ ತೆರೆದುಕೊಂಡ ಆ ಇಂಗಾಲದ ದೊಡ್ಡ ಪಾಲು ಕೆಲವು ವರ್ಷಗಳಲ್ಲೇ ಹೊರಟುಹೋಗುತ್ತದೆ. ಅರಣ್ಯ ಸರ್ವೇಕ್ಷಣೆಯ 2021ರ ವರದಿಯಂತೆ ಇಡೀ ಕರ್ನಾಟಕದಲ್ಲಿ ಇರುವುದು 13 ಚದರ ಕಿಲೋಮೀಟರ್ ಕಾಂಡ್ಲಾ. ದೇಶದ ಒಟ್ಟು ಮೊತ್ತ 4,992 ಚದರ ಕಿಲೋಮೀಟರ್. ಇಷ್ಟು ಸಣ್ಣ ಆಸ್ತಿಯಲ್ಲಿ ಇರುವುದನ್ನು ಕದಲಿಸದಿರುವುದೇ ಮೊದಲ ಕೆಲಸವೆಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ 2: ಗಜನಿ ಬೇಸಾಯಗಾರ

ಮಾಸ್ತರರೇ, ನಮ್ಮದು ಅಳಿವೆಯ ದಂಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಸಸಿ ನೆಡುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ನೀವು ಹೇಳುವ ಬಯಲು ಕೆಸರು ಖಾಲಿ ಜಾಗವಲ್ಲ. ಇಳಿತದ ಹೊತ್ತಿಗೆ ನಮ್ಮ ಹೆಂಗಸರೂ ಗಂಡಸರೂ ಬಳಚು ತೆಗೆಯುವುದು ಅಲ್ಲಿ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿದು ಮೇಯುವುದೂ ಅಲ್ಲಿಯೇ. ಅಲ್ಲಿ ಗಿಡ ಬಂದಿಲ್ಲವೆಂದರೆ ಬಾರದಿರುವುದಕ್ಕೆ ಕಾರಣವಿದೆ. ಕಾಂಡ್ಲಾ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲಿನ, ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ ಮುಟ್ಟುವವರೆಗಿನ ಪಟ್ಟಿಯಲ್ಲಿ. ಅದಕ್ಕಿಂತ ಕೆಳಗೆ ನೆಟ್ಟ ಸಸಿ ದಿನದ ಹೆಚ್ಚು ಹೊತ್ತು ಮುಳುಗಿದ್ದು, ಮೈತುಂಬ ಕಲಗ (ಅಂಟಿಕೊಳ್ಳುವ ಚಿಪ್ಪುಜೀವಿ) ಹತ್ತಿಸಿಕೊಂಡು ಸಾಯುತ್ತದೆ. ಸುನಾಮಿಯ ನಂತರ ಶ್ರೀಲಂಕೆಯಲ್ಲಿ ನೆಟ್ಟ ತಾಣಗಳನ್ನು ಆಮೇಲೆ ಪರಿಶೀಲಿಸಿದಾಗ 23 ತಾಣಗಳ ಪೈಕಿ 9ರಲ್ಲಿ ಒಂದು ಸಸಿಯೂ ಉಳಿದಿರಲಿಲ್ಲವೆಂದು ತರಬೇತಿಯೊಂದರಲ್ಲಿ ನಮಗೆ ತೋರಿಸಿದ್ದರು. ತಪ್ಪಾದ ಮಟ್ಟದಲ್ಲಿ ನೆಟ್ಟದ್ದೇ ಅಲ್ಲಿನ ಮುಖ್ಯ ಕಾರಣಗಳಲ್ಲಿ ಒಂದು.

ಕಾಂಡ್ಲಾ ಮರಳಿ ಬರಬೇಕೆಂದಿದ್ದರೆ ನೋಡಬೇಕಾದದ್ದು ಪಾಳುಬಿದ್ದ ಗಜನಿಗಳನ್ನು. ಎಪ್ಪತ್ತರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಗಟ್ಟಿ ಒಡ್ಡುಗಳು ಬಂದವು. ತೊಂಬತ್ತರ ದಶಕದಲ್ಲಿ ಸೀಗಡಿ ಕೃಷಿ ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿನ ಸಾಂಪ್ರದಾಯಿಕವಲ್ಲದ ಸೀಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಿತು. ಕೆಲವೆಡೆ ಕೃಷಿಯೂ ಇಲ್ಲ, ಸೀಗಡಿಯೂ ಇಲ್ಲ, ಒಡ್ಡು ಮಾತ್ರ ನಿಂತಿದೆ. ಅಂಥ ಜಾಗಕ್ಕೆ ಉಬ್ಬರದ ನೀರು ಮತ್ತೆ ಆಡುವಂತೆ ಮಾಡಿದರೆ ಬೀಜ ತಾನಾಗಿ ತೇಲಿಬಂದು ನಿಲ್ಲುತ್ತದೆ, ಮರ ಬೆಳೆಯುತ್ತದೆ. ಕೂಲಿ ಕೊಟ್ಟು ನೆಡುವ ಅಗತ್ಯ ಬಹುಪಾಲು ಬೀಳುವುದಿಲ್ಲ.

ಹಾಗೆಂದು ಎಲ್ಲ ಗಜನಿಯನ್ನೂ ಕಾಂಡ್ಲಾಕ್ಕೆ ಬಿಡಿ ಎಂದು ಹೇಳುತ್ತಿಲ್ಲ. ಮಾಣಿಕಟ್ಟಾದಂತಹ ಕಡೆ ಇವತ್ತಿಗೂ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆ ಬಂದು ಉಪ್ಪು ತೊಳೆದುಹೋದ ಮೇಲೆ ಬಿತ್ತುತ್ತೇವೆ, ಗೊಬ್ಬರವಿಲ್ಲ, ಔಷಧವಿಲ್ಲ, ಕೊಯ್ದ ಮೇಲೆ ಕೂಳೆ ನೀರಿನಲ್ಲಿ ಉಳಿದು ಮೀನಿಗೆ ಆಹಾರವಾಗುತ್ತದೆ. ಅಂಥ ಗಜನಿಯನ್ನು ಇಂಗಾಲದ ಹೆಸರಿನಲ್ಲಿ ಕೇಳಿದರೆ ನಾವು ಒಪ್ಪುವುದಿಲ್ಲ. ಒಡ್ಡಿನ ಹೊರಮೈಗೆ ಸಾಲಾಗಿ ಕಾಂಡ್ಲಾ ಇದ್ದರೆ ಅಲೆ ಹೊಡೆತ ತಡೆದು ಒಡ್ಡನ್ನು ಉಳಿಸುತ್ತದೆ, ಅದನ್ನು ನಾವೇ ಬೆಳೆಸಿಕೊಂಡಿದ್ದೇವೆ.

ಉತ್ತರ 3: ಕಡಲ ರಸಾಯನ

ಚಿಪ್ಪಿನ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಇದರಲ್ಲಿ ಪದವಿ ತರಗತಿಯವರೂ ಎಡವುತ್ತಾರೆ.

ಚಿಪ್ಪಿನಲ್ಲಿ ಇಂಗಾಲ ಇರುವುದು ನಿಜ, ತೂಕದ ಶೇ. 12ರಷ್ಟು. ಆದರೆ ಬಳಚು ಅದನ್ನು ಕಟ್ಟಿಕೊಳ್ಳುವ ಕ್ರಿಯೆಯಲ್ಲಿ ಒಂದು ಕ್ಯಾಲ್ಸಿಯಂ ಅಯಾನು ನೀರಿನಲ್ಲಿ ಕರಗಿರುವ ಎರಡು ಬೈಕಾರ್ಬೋನೇಟ್ ಅಯಾನುಗಳೊಡನೆ ಸೇರಿ ಒಂದು ಅಣು ಕ್ಯಾಲ್ಸಿಯಂ ಕಾರ್ಬೋನೇಟ್, ಒಂದು ಅಣು ನೀರು ಮತ್ತು ಒಂದು ಅಣು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಂದರೆ ಚಿಪ್ಪು ಬೆಳೆಯುವಾಗ ಸುತ್ತಲಿನ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸಮುದ್ರದ ನೀರಿನಲ್ಲಿ ಅದರ ಸುಮಾರು ಶೇ. 60ರಷ್ಟು ಪಾಲು ಗಾಳಿಯತ್ತ ಹೋಗುತ್ತದೆ, ಉಳಿದದ್ದು ನೀರಿನಲ್ಲೇ ಬೇರೆ ರೂಪ ತಾಳುತ್ತದೆ. ಆದ್ದರಿಂದ ಚಿಪ್ಪಿನ ರಾಶಿಯನ್ನು ವಾತಾವರಣದಿಂದ ತೆಗೆದ ಇಂಗಾಲವೆಂದು ಎಣಿಸುವುದು ತಪ್ಪಾಗುತ್ತದೆ. ಬಳಚಿನ ಬೆಲೆ ಅದು ಕೊಡುವ ಆಹಾರದಲ್ಲಿದೆ, ಸೋಸಿ ತಿಳಿಗೊಳಿಸುವ ನೀರಿನಲ್ಲಿದೆ, ಅದರ ಮೇಲೆ ನಿಂತ ಸಾವಿರಾರು ಮನೆಗಳ ದುಡಿಮೆಯಲ್ಲಿದೆ. ಅದಕ್ಕೆ ಇಂಗಾಲದ ಸಮರ್ಥನೆ ಬೇಕಾಗಿಲ್ಲ.

ವಾತಾವರಣವನ್ನು ಬಿಸಿಮಾಡುವ ಇನ್ನೊಂದು ಅನಿಲವಾದ ಮೀಥೇನ್ ಬಗ್ಗೆಯೂ ಒಂದು ಮಾತು. ಗಾಳಿಯಿಲ್ಲದ ಕೆಸರಿನಲ್ಲಿ ಮೀಥೇನ್ ಹುಟ್ಟಬಹುದಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿರುವುದರಿಂದ ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಆಹಾರದ ಪೈಪೋಟಿಯಲ್ಲಿ ಮೀಥೇನ್ ತಯಾರಿಸುವ ಜೀವಿಗಳನ್ನು ಹಿಂದಿಕ್ಕುತ್ತವೆ. ಕಾಂಡ್ಲಾ ಕೆಸರಿನ ಕೊಳೆತ ಮೊಟ್ಟೆಯ ವಾಸನೆ ಈ ಸಲ್ಫೇಟ್ ಬ್ಯಾಕ್ಟೀರಿಯಾಗಳ ಕೆಲಸದಿಂದ ಬರುವುದು. ಐಪಿಸಿಸಿ ಮಾರ್ಗಸೂಚಿಯಲ್ಲಿ ಲವಣಾಂಶ ಸಾವಿರಕ್ಕೆ 18 ಭಾಗಕ್ಕಿಂತ ಹೆಚ್ಚಿದ್ದರೆ ಮೀಥೇನನ್ನು ಸೊನ್ನೆಯೆಂದು ಹಿಡಿಯುತ್ತಾರೆ. ಆದರೆ ಅಘನಾಶಿನಿ ಅಣೆಕಟ್ಟಿಲ್ಲದ ನದಿ. ಮಳೆಗಾಲದಲ್ಲಿ ಅಳಿವೆಯ ಬಹುಭಾಗ ಸಿಹಿನೀರಾಗುತ್ತದೆ. ಹೀಗಾಗಿ ಇಲ್ಲಿ ಬೇಸಿಗೆಯ ಒಂದೇ ಅಳತೆಯಿಂದ ವರ್ಷದ ಲೆಕ್ಕವನ್ನು ಹೇಳಲಾಗದು.

ಕಡಲಹುಲ್ಲಿನ ವಿಸ್ತಾರವಾದ ಬಯಲುಗಳನ್ನು ಕರ್ನಾಟಕದ ಕರಾವಳಿಯಲ್ಲಿ ಹುಡುಕಬೇಡಿ; ಅವು ಇರುವುದು ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ ಮತ್ತು ಅಂಡಮಾನಿನ ಕಡೆ. ಆದರೂ ಸಂಗ್ರಹ ಎಷ್ಟು ನಾಜೂಕಾದುದು ಎಂಬುದಕ್ಕೆ ಅದರಲ್ಲೊಂದು ಪಾಠವಿದೆ. ಆಸ್ಟ್ರೇಲಿಯಾದ ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಲ್ಲಿ 2011ರ ಆರಂಭದಲ್ಲಿ ಸಮುದ್ರ ಅಸಹಜವಾಗಿ ಬಿಸಿಯಾಗಿ, ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಲಹುಲ್ಲು ನಾಶವಾಯಿತು. ಮುಂದಿನ ಮೂರು ವರ್ಷಗಳಲ್ಲಿ ಅಲ್ಲಿಂದ 20ರಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಂದಿರಬಹುದೆಂದು ಅಂದಾಜಿಸಿದ್ದಾರೆ. ಅಲ್ಲಿ ಯಾರೂ ಅಗೆದಿರಲಿಲ್ಲ, ಕಡಿದಿರಲಿಲ್ಲ.

ಪ್ರಶ್ನಿಸಿದವರ ಮರುಮಾತು: ಕುಮಟಾ ವಿಜ್ಞಾನ ಶಿಕ್ಷಕ

ಮೂವರಿಗೂ ಕೃತಜ್ಞತೆಗಳು. ಬಯಲು ಕೆಸರಿನಲ್ಲಿ ನೆಡುವುದಕ್ಕೆ ಮಕ್ಕಳನ್ನು ಕಳುಹಿಸುವುದಿಲ್ಲವೆಂದು ತಿಳಿಸುತ್ತೇನೆ, ಕಾರಣವನ್ನೂ ಬರೆದು ಕೊಡುತ್ತೇನೆ. ಮಣ್ಣನ್ನು ಶಾಲೆಯ ಮಟ್ಟದಲ್ಲಿ ಅಳೆಯಲು ಸಾಧ್ಯವೇ? ಹಣದ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಉತ್ತರ 4: ಕೆಸರುಮಣ್ಣು

ಸಾಧ್ಯವಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲ ಮುಗಿದ ಮೇಲೆ, ಇಳಿತದ ವೇಳೆ ನೋಡಿಕೊಂಡು, ಸ್ಥಳ ಬಲ್ಲ ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗಿ. ಒಂದು ಮೀಟರಿಗಿಂತ ಉದ್ದದ ಪಿವಿಸಿ ಕೊಳವೆಯ ಬಾಯನ್ನು ಹರಿತ ಮಾಡಿ ನಿಧಾನವಾಗಿ ಕೆಸರಿಗೆ ಒತ್ತಿ, ಮೇಲ್ಬಾಯಿ ಮುಚ್ಚಿ ಎತ್ತಿದರೆ ಮಣ್ಣಿನ ಕಂಬ ಸಿಗುತ್ತದೆ. ಒತ್ತುವಾಗ ಒಳಗಿನ ಮಣ್ಣು ಕುಗ್ಗಿದೆಯೇ ಎಂದು ಒಳಗೂ ಹೊರಗೂ ಅಳೆದುಕೊಳ್ಳುವುದನ್ನು ಮರೆಯಬೇಡಿ. ಕಂಬವನ್ನು 0ರಿಂದ 15, 15ರಿಂದ 30, 30ರಿಂದ 50, 50ರಿಂದ 100 ಸೆಂಟಿಮೀಟರುಗಳ ತುಂಡುಗಳಾಗಿಸಿ, ಪ್ರತಿ ತುಂಡಿನಿಂದ ಗೊತ್ತಾದ ಗಾತ್ರದ ಮಾದರಿ ತೆಗೆದು, 60 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಿದರೆ ಸಾಂದ್ರತೆ ತಿಳಿಯುತ್ತದೆ. ಇಷ್ಟನ್ನು ಶಾಲೆಯಲ್ಲೇ ಮಾಡಬಹುದು. ಇಂಗಾಲದ ಪ್ರಮಾಣಕ್ಕೆ ಹತ್ತಿರದ ಕಾಲೇಜಿನ ಪ್ರಯೋಗಾಲಯದ ಕುಲುಮೆ ಬೇಕು. 450 ಡಿಗ್ರಿಯಲ್ಲಿ ಸುಟ್ಟರೆ ಸಾವಯವ ಪದಾರ್ಥ ಹೋಗಿ ತೂಕ ಇಳಿಯುತ್ತದೆ, ಚಿಪ್ಪಿನ ಕಾರ್ಬೋನೇಟ್ ಹಾಗೇ ಉಳಿಯುತ್ತದೆ. ಕಳೆದುಹೋದ ತೂಕದ ಅರ್ಧದಷ್ಟನ್ನು ಇಂಗಾಲವೆಂದು ಹಿಡಿಯುವುದು ಒರಟು ಅಂದಾಜು, ಮಕ್ಕಳ ಯೋಜನೆಗೆ ಅಷ್ಟು ಸಾಕು.

ಲೆಕ್ಕ ಸರಳ. ಉದಾಹರಣೆಗೆ ಸಾಂದ್ರತೆ ಘನ ಸೆಂಟಿಮೀಟರಿಗೆ 0.8 ಗ್ರಾಂ, ಇಂಗಾಲ ಶೇ. 3 ಎಂದಿದ್ದರೆ, 100 ಸೆಂಟಿಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಕೆಳಗೆ 2.4 ಗ್ರಾಂ ಇಂಗಾಲ ಇರುತ್ತದೆ, ಅಂದರೆ ಹೆಕ್ಟೇರಿಗೆ 240 ಟನ್. ಇದನ್ನು ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಲು 3.67ರಿಂದ ಗುಣಿಸಬೇಕು. ಎರಡು ವರದಿಗಳ ಅಂಕಿಗಳು ನಾಲ್ಕು ಪಟ್ಟು ಬೇರೆಯಾಗಿ ಕಂಡರೆ ಮೊದಲು ನೋಡಬೇಕಾದದ್ದು ಒಂದರಲ್ಲಿ ಇಂಗಾಲವನ್ನೂ ಇನ್ನೊಂದರಲ್ಲಿ ಡೈಆಕ್ಸೈಡನ್ನೂ ಕೊಟ್ಟಿದ್ದಾರೆಯೇ ಎಂಬುದನ್ನು. ಬಯಲು ಕೆಸರಿನಿಂದಲೂ ಒಂದು ಕಂಬ ತೆಗೆಯಿರಿ. ಗಿಡವಿಲ್ಲದ ಕಡೆಯೂ ಇಂಗಾಲ ಹೂತಿರುವುದನ್ನು ಮಕ್ಕಳು ಕಾಣುತ್ತಾರೆ.

ಹಣದ ಬಗ್ಗೆ: ಊರಿನವರೇ ನಡೆಸಿದ ಯೋಜನೆಗಳಲ್ಲಿ ಹೆಸರಾದದ್ದು ಕೀನ್ಯಾದ ಗಾಜಿ ಕೊಲ್ಲಿಯ ಮಿಕೊಕೊ ಪಮೋಜಾ. 2013ರಿಂದ 117 ಹೆಕ್ಟೇರ್ ಕಾಂಡ್ಲಾ ಕಾಡನ್ನು ಕಾಯುತ್ತ, ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಇಂಗಾಲದ ಕ್ರೆಡಿಟ್ (ಗಾಳಿಗೆ ಸೇರದಂತೆ ತಡೆದ ಇಂಗಾಲಕ್ಕೆ ಸಿಗುವ ಪ್ರಮಾಣಪತ್ರ) ಮಾರಾಟ ಮಾಡಿ, ಬಂದ ಹಣವನ್ನು ಕುಡಿಯುವ ನೀರಿಗೂ ಶಾಲೆಗೂ ಬಳಸಿದ್ದಾರೆ. ಅಲ್ಲಿ ಮರ ಕಡಿಯುವ ಒತ್ತಡ ನಿಜವಾಗಿಯೂ ಇತ್ತು, ಅದನ್ನು ತಡೆದದ್ದಕ್ಕೆ ಬೆಲೆ ಸಿಕ್ಕಿತು. ಇಲ್ಲಿ ಯೋಜನೆ ತಂದವರನ್ನು ಕೇಳಬೇಕಾದದ್ದು ಇಷ್ಟು: ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಆಧಾರವೇನು, ಜಾಗದ ಒಡೆತನ ಯಾರದು, ಎಷ್ಟು ವರ್ಷಗಳ ಕರಾರು, ಸಸಿ ಸತ್ತರೆ ಹೊಣೆ ಯಾರದು, ಬಳಚು ತೆಗೆಯುವವರ ಒಪ್ಪಿಗೆ ಪಡೆದಿದ್ದಾರೆಯೇ? ಈ ಉತ್ತರಗಳನ್ನು ಲಿಖಿತವಾಗಿ, ಕನ್ನಡದಲ್ಲಿ, ಗ್ರಾಮಸಭೆಯ ಮುಂದೆ ಇಡುವವರೆಗೆ ಪಂಚಾಯಿತಿ ಯಾವುದಕ್ಕೂ ಸಹಿ ಹಾಕಬಾರದು.