ಹದಿಹರೆಯದ ಮೊಮ್ಮಕ್ಕಳ ಜೊತೆ ನ್ಯೂಯಾರ್ಕ್: ದಾರಿ ಅವರೇ ತೋರಿಸಲಿ

ಬೇಸಿಗೆ ರಜೆಗೆ ಮೊಮ್ಮಕ್ಕಳನ್ನು ಒಂದು ದೊಡ್ಡ ಊರಿಗೆ ಕರೆದುಕೊಂಡು ಹೋಗಬೇಕು, ಎಲ್ಲಿಂದ ಶುರು ಮಾಡೋದು ಅಂತ ಅಮೆರಿಕದಲ್ಲಿರುವ ನಮ್ಮ ಕನ್ನಡದ ಅಜ್ಜಿ ತಾತಂದಿರಲ್ಲಿ ಹಲವರು ಕೇಳುತ್ತಿದ್ದೀರಿ. ನಾನೂ ನಮ್ಮ ಮನೆಯವರೂ ಮೊಮ್ಮಕ್ಕಳ ಜೊತೆ ನ್ಯೂಯಾರ್ಕ್ ಸುತ್ತಿ ಬಂದಿದ್ದೇವೆ. ಮೊಮ್ಮಗನಿಗೆ 16, ಮೊಮ್ಮಗಳಿಗೆ 13. ಅವರ ಅಪ್ಪ ಅಮ್ಮ ಜೊತೆಗಿರಲಿಲ್ಲ. ಅದು ಬೇಕಂತಲೇ ಮಾಡಿದ್ದು. ಅಪ್ಪ ಅಮ್ಮ ಎದುರಿಗಿದ್ದರೆ ಮಕ್ಕಳು ಪ್ರತಿಯೊಂದಕ್ಕೂ ಅವರ ಮುಖ ನೋಡುತ್ತಾರೆ, ನಾವೂ ಸುಮ್ಮನೆ ಹಿಂದೆ ನಡೆಯುತ್ತೇವೆ.

ನನಗೆ ಮುಖ್ಯ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೊಮ್ಮಕ್ಕಳು ಕಾರಿನಲ್ಲಿ ಬೆಳೆದವರು. ಡಾಲಸ್ ಹೊರವಲಯದ ಅವರ ಮನೆಯಿಂದ ಶಾಲೆಗೆ ಕಾರು, ಈಜಿಗೆ ಕಾರು, ಕನ್ನಡ ಕ್ಲಾಸಿಗೂ ಕಾರು. ಒಬ್ಬರೇ ರಸ್ತೆ ದಾಟಿ ಅಂಗಡಿಗೆ ಹೋಗಿ ಹಾಲು ತಂದದ್ದಿಲ್ಲ. ನಾವು ಹಾಗೆ ಬೆಳೆದವರಲ್ಲ ಅಲ್ವಾ? ವಿಜಯಪುರದಲ್ಲಿ ಹತ್ತು ವರ್ಷದವಳಿದ್ದಾಗಲೇ ನನ್ನನ್ನು ಸಂತೆಗೆ ಕಳಿಸುತ್ತಿದ್ದರು. ಗದ್ದಲ, ನೂಕುನುಗ್ಗಲು, ದಾರಿ ಕೇಳುತ್ತಾ ಹೋಗೋದು, ಇದೆಲ್ಲ ನಮಗೆ ಅಭ್ಯಾಸ. ಮೊಬೈಲಿನಲ್ಲಿ ನಕ್ಷೆ ನೋಡೋದು ಅವರಿಗೆ ಅಭ್ಯಾಸ. ದೊಡ್ಡ ಊರಿನಲ್ಲಿ ಈ ಎರಡೂ ಬೇಕು. ಅದಕ್ಕೇ ನಾನು ಹೇಳೋದು, ಊರು ತೋರಿಸೋ ಕೆಲಸ ನೀವು ಮಾಡಬೇಡಿ. ಅವರ ಕೈಗೆ ಕೊಡಿ. ಪ್ರವಾಸ ಮುಗಿಯುವಷ್ಟರಲ್ಲಿ ಆ ಮಕ್ಕಳ ನಡಿಗೆಯೇ ಬೇರೆ ಆಗಿರುತ್ತದೆ.

ಹೊರಡುವುದಕ್ಕೆ ತುಂಬಾ ಮುಂಚೆಯೇ ವಿಡಿಯೊ ಕಾಲ್‌ನಲ್ಲಿ ಮಾತಾಡಿ ದಿನಗಳನ್ನು ಹಂಚಿಕೊಂಡೆವು. ಅವನಿಗೊಂದು ದಿನ, ಅವಳಿಗೊಂದು ದಿನ, ನಮಗೊಂದು ದಿನ. ಯಾರ ದಿನವೋ ಅವರೇ ಯಜಮಾನರು. ಎಲ್ಲಿಗೆ, ಯಾವ ರೈಲು, ಎಲ್ಲಿ ಊಟ, ಎಲ್ಲ ಅವರದೇ. ಅವತ್ತಿನ ಖರ್ಚಿನ ದುಡ್ಡನ್ನೂ ಕವರಿನಲ್ಲಿ ಹಾಕಿ ಅವರ ಕೈಗೇ ಕೊಟ್ಟೆವು. ನಮ್ಮ ಷರತ್ತು ಎರಡೇ. ಎರಡು ಗಂಟೆಗೊಮ್ಮೆ ತಾತ ಕೂತುಕೊಳ್ಳುವಂಥ ಜಾಗ ಸಿಗಬೇಕು, ಹತ್ತಿರದಲ್ಲಿ ಬಾತ್‌ರೂಮ್ ಇರಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನ್ಯೂಯಾರ್ಕ್‌ನಲ್ಲಿ ಸಾರ್ವಜನಿಕ ಬಾತ್‌ರೂಮ್ ಕಡಿಮೆ. ಬ್ರಯಂಟ್ ಪಾರ್ಕ್‌ನದು ಚೊಕ್ಕಟವಾಗಿದೆ, ಪಕ್ಕದಲ್ಲೇ 1911ರಲ್ಲಿ ತೆರೆದ ದೊಡ್ಡ ಲೈಬ್ರರಿ ಇದೆ. ಸಬ್‌ವೇಯ, ಅಂದರೆ ಇಲ್ಲಿನ ಮೆಟ್ರೊ ರೈಲಿನ, ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮಂಡಿ ನೋವು ಇರುವವರು ಲಿಫ್ಟ್ ಇರುವ ನಿಲ್ದಾಣ ಯಾವುದು ಅಂತ ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಆ ಕೆಲಸ ಮೊಮ್ಮಗಳು ವಹಿಸಿಕೊಂಡಳು. ತಾತನ ಮಂಡಿಗೋಸ್ಕರ ಇಡೀ ನಕ್ಷೆಯ ಮೇಲೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದಳು.

ಮೊಮ್ಮಗನಿಗೆ ರೈಲಿನ ಹುಚ್ಚು. ಅವನ ದಿನದಲ್ಲಿ ಬ್ರೂಕ್ಲಿನ್‌ನ ಟ್ರಾನ್ಸಿಟ್ ಮ್ಯೂಸಿಯಂಗೆ ಹೋದೆವು. 1936ರಲ್ಲಿ ಕಟ್ಟಿದ, ಆಮೇಲೆ ಮುಚ್ಚಿಹೋದ ಕೋರ್ಟ್ ಸ್ಟ್ರೀಟ್ ನಿಲ್ದಾಣವನ್ನೇ ಮ್ಯೂಸಿಯಂ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಮಾಮೂಲಿ ಸಬ್‌ವೇ ಮೆಟ್ಟಿಲು. ಕೆಳಗಿಳಿದರೆ ನಿಜವಾದ ಹಳಿಯ ಮೇಲೆ ಹಳೇ ಕಾಲದ ಬೋಗಿಗಳು ಸಾಲಾಗಿ ನಿಂತಿವೆ. ಬೆತ್ತ ಹೆಣೆದ ಸೀಟು, ತಲೆಯ ಮೇಲೆ ಫ್ಯಾನು, ಕಿಟಕಿಯ ಮೇಲ್ಗಡೆ ಆ ಕಾಲದ ಸೋಪು, ಔಷಧಿಗಳ ಜಾಹೀರಾತು. ಮೊಮ್ಮಗ ಪ್ರತಿ ಬೋಗಿಯ ಬಾಗಿಲಲ್ಲೂ ನಿಂತು ನಮಗೆ ಪಾಠ ಹೇಳಿದ. ಮನೆಯಲ್ಲಿ ಕೇಳಿದ್ದಕ್ಕೆ ‘ಹ್ಞೂಂ’ ಅನ್ನುವ ಹುಡುಗ ಅವನು. ಅವತ್ತು ಬಾಯಿ ಮುಚ್ಚಲೇ ಇಲ್ಲ. ವಾರದಲ್ಲಿ ಕೆಲವು ದಿನ ಈ ಮ್ಯೂಸಿಯಂ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ಸಬ್‌ವೇ ಬಗ್ಗೆ ಒಂದೆರಡು ಮಾತು. ಹಳೇ ಮೆಟ್ರೋಕಾರ್ಡ್ ಮಾರೋದು 2025ರ ಕೊನೆಗೆ ನಿಂತಿತು. ಈಗ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಸಾಕು. 2026ರ ಜನವರಿಯಿಂದ ಒಂದು ಸಲಕ್ಕೆ 3 ಡಾಲರ್. ಎಕ್ಸ್‌ಪ್ರೆಸ್ ರೈಲು ಎಷ್ಟೋ ನಿಲ್ದಾಣಗಳಲ್ಲಿ ನಿಲ್ಲೋದಿಲ್ಲ, ಹತ್ತುವ ಮುಂಚೆ ನೋಡಬೇಕು. ಇನ್ನೊಂದು, ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಳ್ಳಬೇಕಾದ ಮಾತು. ಬಾಗಿಲು ಮುಚ್ಚಿ ಯಾರಾದರೂ ಪ್ಲಾಟ್‌ಫಾರ್ಮಿನಲ್ಲೇ ಉಳಿದುಬಿಟ್ಟರೆ, ಅವರು ಅಲ್ಲೇ ನಿಂತಿರಬೇಕು. ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ಬರಬೇಕು. ಸುರಂಗದಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಅಪ್ಪ ಅಮ್ಮ ಇಲ್ಲದೆ ಹೋಗುವವರು ಅವರ ಸಹಿ ಇರುವ ಒಂದು ಪತ್ರವನ್ನೂ ಮಕ್ಕಳ ವಿಮೆ ಕಾರ್ಡಿನ ಫೋಟೊವನ್ನೂ ಇಟ್ಟುಕೊಳ್ಳಿ.

ಲಿಬರ್ಟಿ ಪ್ರತಿಮೆಗೆ ಎಲ್ಲರೂ ಹೋಗುತ್ತಾರೆ. ನಾವೂ ನಮ್ಮ ದಿನಕ್ಕೆ ಅದನ್ನೇ ಆರಿಸಿಕೊಂಡೆವು, ಆದರೆ ಬೇರೆ ಕಾರಣಕ್ಕೆ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದ್ದು ಪ್ರತಿಮೆ ಇರುವ ಆ ದ್ವೀಪದಲ್ಲೇ, ಅದರ ಬುಡದಲ್ಲೇ. ಅದಕ್ಕೂ ಮುಂಚೆ ನಮ್ಮಂಥವರಿಗೆ ಇಲ್ಲಿ ಜಾಗ ಇರಲಿಲ್ಲ. 1917ರ ಕಾಯ್ದೆ ಭಾರತದಿಂದ ಬರುವವರಿಗೆ ಹೆಚ್ಚುಕಡಿಮೆ ಬಾಗಿಲನ್ನೇ ಮುಚ್ಚಿತ್ತು. 1946ರಲ್ಲಿ ಸ್ವಲ್ಪ ತೆರೆದರು, ಅದೂ ಇಡೀ ಭಾರತಕ್ಕೆ ವರ್ಷಕ್ಕೆ ಸುಮಾರು 100 ಜನ. ನಾವು 1974ರಲ್ಲಿ ಬಂದದ್ದು 1965ರ ಸಹಿಯಿಂದ. ಈ ಮಕ್ಕಳ ಅಪ್ಪ ಇಲ್ಲಿ ಹುಟ್ಟಿದ್ದೂ ಅದರಿಂದ.

ನಮ್ಮ ಮನೆಯವರು ಇದನ್ನು ನೀರಿನ ಕಡೆ ಮುಖ ಮಾಡಿ ಒಂದು ಬೆಂಚಿನ ಮೇಲೆ ಕೂತು ಹೇಳಿದರು. ಭಾಷಣ ಮಾಡಲಿಲ್ಲ. ಕೈಯಲ್ಲಿ ಎಷ್ಟು ಡಾಲರ್ ಇತ್ತು, ಮೊದಲ ಚಳಿಗಾಲಕ್ಕೆ ಯಾರು ಕೋಟು ಕೊಟ್ಟರು, ಊರಿನ ಕಾಗದ ಬರಲಿಕ್ಕೆ ಎಷ್ಟು ದಿನ ಹಿಡಿಯುತ್ತಿತ್ತು, ಇಂಥವನ್ನು ಹೇಳಿದರು. ಹುಡುಗಿ ಕೇಳಿದಳು, “ತಾತ, ನಿಮಗೆ ವಾಪಸ್ ಹೋಗಿಬಿಡೋಣ ಅನಿಸಲಿಲ್ವಾ?” ಅವರು, “ಎರಡು ವರ್ಷ ದಿನಾ ಅನಿಸ್ತಿತ್ತು ಮರಿ” ಅಂದರು. ಮನೆಯ ಸೋಫಾದ ಮೇಲೆ ಈ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ. ಪ್ರತಿಮೆಗೆ ಹೋಗುವ ಟಿಕೆಟ್ಟಿನಲ್ಲೇ ಎಲ್ಲಿಸ್ ಐಲೆಂಡೂ ನೋಡಬಹುದು. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ವಲಸಿಗರು ಅಲ್ಲಿಂದ ಅಮೆರಿಕದ ಒಳಗೆ ಬಂದರು. ಎರಡಕ್ಕೂ ಸೇರಿ ಒಂದು ಇಡೀ ದಿನ ಇಟ್ಟುಕೊಳ್ಳಿ.

ಪ್ರತಿಮೆಯ ಕಿರೀಟದವರೆಗೆ ಹತ್ತುವ ಆಸೆ ಮಕ್ಕಳಿಗಿದ್ದರೆ ಟಿಕೆಟ್ ತುಂಬಾ ಮುಂಚೆ ಮಾಡಿಸಬೇಕು. ಪೀಠದ ಮೇಲಿನಿಂದ 162 ಇಕ್ಕಟ್ಟಾದ ಮೆಟ್ಟಿಲು, ಲಿಫ್ಟ್ ಇಲ್ಲ. ದೋಣಿ ಹತ್ತುವ ಬ್ಯಾಟರಿ ಪಾರ್ಕ್ ಸುತ್ತ ಟಿಕೆಟ್ ಮಾರುವವರು ಮೇಲೆ ಬೀಳುತ್ತಾರೆ. ಅವರ ಹತ್ತಿರ ತೆಗೆದುಕೊಳ್ಳಬೇಡಿ. ಪ್ರತಿಮೆಯನ್ನು ದೂರದಿಂದ ನೋಡಿದರೆ ಸಾಕು ಅನ್ನುವವರಿಗೆ ಸ್ಟೇಟನ್ ಐಲೆಂಡ್ ಫೆರಿ ಇದೆ. ಪೂರ್ತಿ ಉಚಿತ, ಹಗಲು ರಾತ್ರಿ ಓಡುತ್ತದೆ, ಒಂದು ಕಡೆಗೆ 25 ನಿಮಿಷ. ಸಂಜೆ ಹೊತ್ತು ಹೋಗಿ, ವಾಪಸ್ ಬರುವಾಗ ದೀಪ ಹತ್ತಿದ ಊರು ಕಾಣುತ್ತದೆ.

ಇನ್ನು ನಾನು ಆಸೆಪಟ್ಟು ತೋರಿಸಿದ ಒಂದೇ ಜಾಗ ಗ್ರ್ಯಾಂಡ್ ಸೆಂಟ್ರಲ್. 1913ರ ರೈಲು ನಿಲ್ದಾಣ. ಕೆಳಗಿನ ಅಂತಸ್ತಿನಲ್ಲಿ ಆಯ್ಸ್ಟರ್ ಬಾರ್ ಹೋಟೆಲಿನ ಬಾಗಿಲ ಮುಂದೆ ಹೆಂಚಿನ ಕಮಾನುಗಳು ಕೂಡುವ ಒಂದು ಚೌಕ ಇದೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತವರಿಗೆ ಕಿವಿಯಲ್ಲೇ ಹೇಳಿದ ಹಾಗೆ ಕೇಳಿಸುತ್ತದೆ. ಮಧ್ಯದಲ್ಲಿ ಓಡಾಡುವವರಿಗೆ ಏನೂ ಕೇಳಿಸೋದಿಲ್ಲ. ದನಿ ಕಮಾನಿನ ಬಾಗನ್ನೇ ಹಿಡಿದುಕೊಂಡು ಆಚೆ ಇಳಿಯುತ್ತದೆ. ಇಂಥ ಹೆಂಚಿನ ಕಮಾನು ಕಟ್ಟೋದನ್ನು ಈ ದೇಶಕ್ಕೆ ತಂದವರು ಸ್ಪೇನ್‌ನಿಂದ ವಲಸೆ ಬಂದ ಗ್ವಾಸ್ಟವೀನೋ ಅನ್ನುವ ಅಪ್ಪ ಮಗ.

ಗೋಲಗುಮ್ಮಟದ ಊರಿನವಳಿಗೆ ಇದು ಎಷ್ಟು ಖುಷಿ ಕೊಡಬೇಕು ಹೇಳಿ. ಅಲ್ಲಿ ಮೊಹಮ್ಮದ್ ಆದಿಲ್ ಶಾನ ಗೋರಿಯ ಮೇಲಿನ ಗುಮ್ಮಟದೊಳಗೆ ಸುತ್ತಲೂ ಮೊಗಸಾಲೆ ಇದೆ. ಈ ಕಡೆ ಪಿಸುಗುಟ್ಟಿದ್ದು ಆ ಕಡೆಗೆ ಕೇಳಿಸುತ್ತದೆ. ಚಿಕ್ಕವರಿದ್ದಾಗ ನಾನೂ ನನ್ನ ಅಕ್ಕನೂ ಅಲ್ಲಿ ಆಡದ ಆಟ ಇಲ್ಲ. ಮೊಮ್ಮಗಳನ್ನು ಒಂದು ಮೂಲೆಗೆ ನಿಲ್ಲಿಸಿ, ನಾನು ಇನ್ನೊಂದು ಮೂಲೆಗೆ ಹೋಗಿ, “ಪುಟ್ಟಿ, ಹಸಿವಾಯ್ತಾ?” ಅಂದೆ. ಅವಳು ಬೆಚ್ಚಿಬಿದ್ದು ತಿರುಗಿ ನೋಡಿದಳು. ಆಮೇಲೆ ಇಬ್ಬರೂ ಮಕ್ಕಳು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಅಲ್ಲೇ ನಿಂತು ಗೋಲಗುಮ್ಮಟದ ವಿಡಿಯೊ ಹುಡುಕಿದರು. ಮುಂದಿನ ಸಲ ಊರಿಗೆ ಹೋದಾಗ ವಿಜಯಪುರಕ್ಕೆ ಹೋಗಲೇಬೇಕು ಅಂತ ಅಪ್ಪನಿಗೆ ಮೆಸೇಜೂ ಹೋಯಿತು.

ಮೊಮ್ಮಗಳ ದಿನ ಬ್ರೂಕ್ಲಿನ್ ಸೇತುವೆ. ಬ್ರೂಕ್ಲಿನ್ ಕಡೆಯಿಂದ ಶುರು ಮಾಡಿ ಮ್ಯಾನ್‌ಹ್ಯಾಟನ್ ಕಡೆಗೆ ನಡೆಯಿರಿ, ದೊಡ್ಡ ಕಟ್ಟಡಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಮೇಲೆ ಮರದ ಹಲಗೆಯ ದಾರಿ. 2021ರಲ್ಲಿ ಸೈಕಲ್ಲುಗಳನ್ನು ಕೆಳಗಿನ ರಸ್ತೆಗೆ ಹಾಕಿದ ಮೇಲೆ ನಡೆಯುವವರಿಗೆ ನೆಮ್ಮದಿ. ಆದರೆ ಮೇಲೆ ನೆರಳಿಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಟೋಪಿ ನೀರು ಬೇಕೇಬೇಕು.

ಅವಳು ಸೇತುವೆಯ ಕಥೆ ಓದಿಕೊಂಡು ಬಂದಿದ್ದಳು. ನಕ್ಷೆ ಹಾಕಿದ ಜಾನ್ ರೋಬ್ಲಿಂಗ್ 1869ರಲ್ಲಿ ಕಾಲಿಗೆ ಪೆಟ್ಟಾಗಿ ಧನುರ್ವಾಯುವಿನಿಂದ ತೀರಿಕೊಂಡರು. ಮಗ ವಾಷಿಂಗ್ಟನ್ ರೋಬ್ಲಿಂಗ್ ಕೆಲಸ ವಹಿಸಿಕೊಂಡರು. ನದಿಯ ತಳದಲ್ಲಿ, ಒತ್ತಡದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳೊಳಗೆ ಇಳಿದು ಅಡಿಪಾಯ ತೋಡುವ ಕೆಲಸ. ಅಲ್ಲಿಂದ ಬೇಗ ಮೇಲೆ ಬಂದರೆ ಮೈಯ ಕೀಲು ಕೀಲಿಗೂ ನೋವು ಹಿಡಿಯುತ್ತಿತ್ತು. ಆ ಕಾಯಿಲೆ ಅವರನ್ನೂ ಹಾಸಿಗೆಗೆ ಹಾಕಿತು. ಆಗ ಅವರ ಹೆಂಡತಿ ಎಮಿಲಿ ಗಣಿತ, ತಂತಿಯ ಬಲ, ಎಂಜಿನಿಯರಿಂಗ್ ಎಲ್ಲ ಕಲಿತು, ವರ್ಷಗಟ್ಟಲೆ ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿ ಕೆಲಸ ನಡೆಸಿದರು. 1883ರಲ್ಲಿ ಸೇತುವೆ ತೆರೆಯುವುದಕ್ಕೆ ಸ್ವಲ್ಪ ಮುಂಚೆ ಗಾಡಿಯಲ್ಲಿ ಮೊದಲು ದಾಟಿದ್ದು ಆಕೆಯೇ, ಕೈಯಲ್ಲಿ ಗೆಲುವಿನ ಗುರುತಿಗೆ ಒಂದು ಹುಂಜ. ಸೇತುವೆಯ ಗೋಪುರದ ಮೇಲೆ ಆಕೆಯ ಹೆಸರಿನ ಫಲಕ ಇದೆ. 13 ವರ್ಷದ ಹುಡುಗಿ ಆ ಫಲಕ ಹುಡುಕಿ, ಅದರ ಪಕ್ಕ ನಿಂತು, ತಾತ ಅಜ್ಜಿಗೆ ಈ ಕಥೆ ಹೇಳೋದು ನೋಡಬೇಕು ನೀವು. ನಾನು ತಿಳಿದುಕೊಂಡು ಹೇಳಿದ್ದರೆ ಅವಳು ಅಷ್ಟು ಕೇಳುತ್ತಿರಲಿಲ್ಲ.

ದೊಡ್ಡ ಮ್ಯೂಸಿಯಂಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೆಟ್ ಮ್ಯೂಸಿಯಂ ಬುಧವಾರ ರಜೆ, ಶುಕ್ರವಾರ ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಚೋಳರ ಕಂಚಿನ ಪಾರ್ವತಿ ನೋಡಿ, ಮಕ್ಕಳು ಸಾಕು ಅಂದ ಕೂಡಲೇ ಹೊರಗೆ ಬನ್ನಿ. ಬ್ರಾಡ್‌ವೇ ನಾಟಕದ ಟಿಕೆಟ್ ಅದೇ ದಿನ ಕಡಿಮೆ ಬೆಲೆಗೆ ಬೇಕಿದ್ದರೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಕೆಳಗಿನ ಟಿಕೆಟ್ ಕೌಂಟರಿನಲ್ಲಿ ಸಾಲು ನಿಲ್ಲಬೇಕು.

ಫ್ಲಶಿಂಗ್‌ನ ಗಣೇಶ ದೇವಸ್ಥಾನವನ್ನು ಮಾತ್ರ ಬಿಡಬೇಡಿ. 7ನೇ ನಂಬರ್ ರೈಲು ಕ್ವೀನ್ಸ್‌ನಲ್ಲಿ ನೆಲದ ಮೇಲೆ, ಎತ್ತರದ ಹಳಿಯಲ್ಲಿ ಓಡುತ್ತದೆ. ಕಿಟಕಿ ಪಕ್ಕ ಕೂತರೆ ಅದೇ ಒಂದು ನೋಟ. ಕೊನೇ ನಿಲ್ದಾಣದಲ್ಲಿ ಇಳಿದು ಬೌನ್ ಸ್ಟ್ರೀಟಿಗೆ ನಡೆದು ಹೋಗಬಹುದು. ದೇವಸ್ಥಾನದ ಪ್ರತಿಷ್ಠೆ ಆದದ್ದು 1977ರ ಜುಲೈ 4ಕ್ಕೆ. ಈ ಬೀದಿಗೆ ಹೆಸರು ಬಂದದ್ದು ಜಾನ್ ಬೌನ್ ಅವರಿಂದ. ಡಚ್ಚರ ಕಾಲದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರಿಗೆ ತಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡಲಿಕ್ಕೆ ಬಿಟ್ಟಿದ್ದಕ್ಕೆ 1662ರಲ್ಲಿ ಅವರನ್ನು ಹಿಡಿದು ಹಾಕಿದ್ದರು. ಅವರವರ ದೇವರನ್ನು ಅವರವರು ಪೂಜಿಸಲಿ ಅಂತ ಜೈಲಿಗೆ ಹೋದವರ ಹೆಸರಿನ ಬೀದಿಯಲ್ಲೇ ನಮ್ಮ ಗಣಪತಿ ಕೂತಿದ್ದಾನೆ. ಆ ಮನೆಯೂ ಅದೇ ಬೀದಿಯಲ್ಲಿ ಈಗಲೂ ಇದೆ. ಮಂಗಳಾರತಿ ಆದ ಮೇಲೆ ನೆಲಮಾಳಿಗೆಯ ಕ್ಯಾಂಟೀನಿಗೆ ಇಳಿಯಿರಿ. ದೋಸೆಗೆ ಊರೆಲ್ಲ ಹೆಸರುವಾಸಿ. ಸ್ಟೀಲಿನ ತಟ್ಟೆಯೇನೂ ಇಲ್ಲ, ಟೋಕನ್ ನಂಬರ್ ಕೂಗುತ್ತಾರೆ, ಜಾಗ ಸಿಕ್ಕಲ್ಲಿ ಕೂರಬೇಕು. ಮಕ್ಕಳಿಗೆ ಅದೇ ಇಷ್ಟ ಆಯಿತು.

ಕೊನೆಗೆ ಒಂದು ವಿಷಯ, ಇದಕ್ಕೆ ಕೆಲವರು ಒಪ್ಪಲಿಕ್ಕಿಲ್ಲ. ಮಕ್ಕಳನ್ನು ಒಂದು ಗಂಟೆಯಾದರೂ ಅವರಷ್ಟಕ್ಕೆ ಬಿಡಿ. ಅಪ್ಪ ಅಮ್ಮನ ಹತ್ತಿರ ಮೊದಲೇ ಒಪ್ಪಿಗೆ ತೆಗೆದುಕೊಂಡು ನಾವು ಹಾಗೆ ಮಾಡಿದೆವು. ಯೂನಿಯನ್ ಸ್ಕ್ವೇರ್ ಹತ್ತಿರ ಸ್ಟ್ರ್ಯಾಂಡ್ ಅಂತ 1927ರ ಹಳೇ ಪುಸ್ತಕದಂಗಡಿ ಇದೆ. ಅಣ್ಣ ತಂಗಿ ಇಬ್ಬರನ್ನೇ ಅಲ್ಲಿಗೆ ಕಳಿಸಿದೆವು. ನಾವು ಯೂನಿಯನ್ ಸ್ಕ್ವೇರ್‌ನಲ್ಲಿ, 1986ರಲ್ಲಿ ನಿಲ್ಲಿಸಿದ ಗಾಂಧೀಜಿ ಪ್ರತಿಮೆಯ ಹತ್ತಿರ ಕೂತಿದ್ದೆವು. ಅವತ್ತು ಅಲ್ಲಿ ರೈತರ ಸಂತೆ, ಟೊಮ್ಯಾಟೊ, ಪೀಚ್ ಹಣ್ಣು ರಾಶಿ ಹಾಕಿದ್ದರು. ಇಬ್ಬರೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅಣ್ಣ ತಂಗಿಯ ಚೀಲ ಹೊತ್ತುಕೊಂಡಿದ್ದ. ಮನೆಯಲ್ಲಿ ದಿನಾ ಜಗಳಾಡುವ ಮಕ್ಕಳು ಇವರು.

ಜುಲೈ ಆಗಸ್ಟ್‌ನಲ್ಲಿ ಸಬ್‌ವೇ ಪ್ಲಾಟ್‌ಫಾರ್ಮ್‌ಗಳಲ್ಲಿ ಸೆಖೆ ತಡೆಯೋಕಾಗಲ್ಲ. ಆಗುವವರು ಶಾಲೆ ಮುಗಿದ ಕೂಡಲೇ ಜೂನ್ ಮೊದಲಲ್ಲೇ ಹೋಗಿ. ಹೋಟೆಲಿಗೆ ಲಾಂಗ್ ಐಲೆಂಡ್ ಸಿಟಿ ಕಡೆ ನೋಡಿ. ಮ್ಯಾನ್‌ಹ್ಯಾಟನ್‌ಗಿಂತ ಸಾಮಾನ್ಯವಾಗಿ ಅಗ್ಗ, 7ನೇ ನಂಬರ್ ರೈಲೂ ಅಲ್ಲೇ ಸಿಗುತ್ತದೆ. ಮುಂದಿನ ಸಲ ನಮಗೆ ಷಿಕಾಗೋ ಮಾಡುವ ಆಸೆ. 1893ರಲ್ಲಿ ವಿವೇಕಾನಂದರು ಮಾತಾಡಿದ ಕಟ್ಟಡದಲ್ಲೇ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಅಲ್ಲಿಂದ ಶುರು ಮಾಡೋಣ ಅಂತ. ಮೊಮ್ಮಕ್ಕಳ ಜೊತೆ ಷಿಕಾಗೋ ಸುತ್ತಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮಂಡಿ ನೋವಿನವರಿಗೆ ಅಲ್ಲಿನ ರೈಲು ಹೇಗೆ ಅನ್ನೋದನ್ನು ಮೊದಲು ಹೇಳಿ.