ಹುಲ್ಲುಹಾಸಿನಲ್ಲಿ ಎದ್ದ ಅಣಬೆ ತಿನ್ನಬಹುದಾ?

ಪ್ರಶ್ನೆ: ನಮಸ್ತೆ ಸರ್. ನಾವು ಕಾರ್ಕಳದ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಹುತ್ತದ ಅಣಬೆ, ಕಲ್ಲಣಬೆ ತಿಂದೇ ಬೆಳೆದವರು. ಮೊನ್ನೆಯ ಮಳೆಗೆ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಬಿಳಿ ಕೊಡೆಯಂಥ ಅಣಬೆ ಎದ್ದಿವೆ. 'ಬೆಳ್ಳುಳ್ಳಿ ಹಾಕಿ ಬೇಯಿಸು, ಕಪ್ಪಾಗದಿದ್ದರೆ ತಿನ್ನಬಹುದು' ಅಂತಾರೆ ಅತ್ತೆ. ನಂಬಬಹುದಾ? ಕಲ್ಲಣಬೆಯ ಪುಡಿ ಸುಟ್ಟಗಾಯಕ್ಕೆ ಒಳ್ಳೆಯದಂತೆ, ಹೌದಾ?

ಉತ್ತರ (ಶಿಲೀಂಧ್ರಗಳ ಬಗ್ಗೆ ಪಾಠ ಮಾಡುವವನು): ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಹುಳ ತಿಂದ ಗುರುತು, ಯಾವುದನ್ನೂ ನಂಬಬೇಡಿ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ.

ಊರಲ್ಲಿ ನಿಮ್ಮ ಅತ್ತೆ ಅಣಬೆಯನ್ನಷ್ಟೇ ನೋಡುತ್ತಿರಲಿಲ್ಲ, ಜಾಗವನ್ನೂ ನೋಡುತ್ತಿದ್ದರು, ಅಲ್ವಾ? ಹುತ್ತದ ಅಣಬೆ ಗೆದ್ದಲು ಸಾಕುವ ಬೆಳೆ. ಮೆಲ್ಲಗೆ ಅಗೆದರೆ ಕಾಂಡ ಬೇರಿನಂತೆ ಸಪೂರವಾಗುತ್ತಾ ಮೊಳಗಟ್ಟಲೆ ಕೆಳಗಿಳಿದು ಗೆದ್ದಲಿನ ಗೂಡಿಗೆ ಸೇರುತ್ತದೆ. ಕೊಡೆಯ ನಡುವೆ ಗಟ್ಟಿ ಮೊನೆ ಇರುತ್ತದೆ, ಮಣ್ಣು ಸೀಳಿ ಬರಲು. ಕೊಡಗಿನವರು ಕುಮ್ಮು ಕರಿ (ಅಣಬೆ ಸಾರು) ಮಾಡುವುದೂ ಹೆಚ್ಚಾಗಿ ಇಂಥವುಗಳದ್ದೇ.

ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆ ಸಾಮಾನ್ಯವಾಗಿ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆ. ತಿಂದ 1ರಿಂದ 3 ಗಂಟೆಯೊಳಗೆ ವಾಂತಿ, ಭೇದಿ ಹಿಂಡಿ ಹಾಕುತ್ತದೆ. ಬಲಿತ ಮೇಲೆ ಅಡಿಯ ಪದರಗಳು ಹಸಿರಾಗುತ್ತವೆ. ಎಳೆಯದರಲ್ಲಿ ಬಿಳಿಯೇ ಇರುವುದರಿಂದ ಜನ ಮೋಸ ಹೋಗುತ್ತಾರೆ.

ಇನ್ನು ಮಣ್ಣಿನಲ್ಲಿ ಕಲ್ಲಿನಂತೆ ಗುಂಡಗೆ ಸಿಗುವ ಕಲ್ಲಣಬೆ, ನಿಮ್ಮ ತುಳುವಿನ ಕಲ್ಲಲಾಂಬು. ಮೊದಲ ಮಳೆಗೆ ಬಂದದ್ದನ್ನು ಕೊಯ್ದರೆ ಒಳಗೆ ಬೆಳ್ಳಗೆ ಕೊಬ್ಬರಿಯಂತಿರಬೇಕು. ಕಪ್ಪಾಗಿದ್ದರೆ ರುಚಿ ಹೋಯಿತು. ಕಾಡುಮರಗಳ ಬೇರಿನ ನಂಟಿಲ್ಲದೆ ಬೆಳೆಯದು, ಅದಕ್ಕೇ ತೋಟದಲ್ಲಿ ಬೆಳೆಯಲಾಗದೆ ಆ ಪಾಟಿ ರೇಟು! ಬಲಿತದ್ದರ ಕಂದು ಪುಡಿಯನ್ನು ಮಧ್ಯಪ್ರದೇಶದ ಬೈಗಾ ಜನ ಸಾಸಿವೆ ಎಣ್ಣೆಯಲ್ಲಿ ಕಲಸಿ ಸುಟ್ಟಗಾಯಕ್ಕೆ ಹಚ್ಚುತ್ತಿದ್ದರು. ಪದ್ಧತಿ ನಿಜ. ಆದರೆ ನನ್ನ ಮಗಳ ಕೈ ಸುಟ್ಟರೆ ತಣ್ಣೀರು ಸುರಿಯುತ್ತೇನೆ, ಪುಡಿ ಹಚ್ಚುವುದಿಲ್ಲ.

ಪ್ರಶ್ನೆ: ಅಗೆದು ನೋಡಿದೆ ಸರ್. ಬುಡ ಗುಂಡಗಿದೆ, ಬೇರೇ ಇಲ್ಲ. ಕಾಂಡದಲ್ಲಿ ಬಳೆಯಂಥದ್ದು ಇದೆ, ಮೇಲೆ ಕೆಳಗೆ ಜಾರುತ್ತದೆ.

ಉತ್ತರ: ಹಾಗಾದರೆ ಅದು ಹುತ್ತದ್ದಲ್ಲ. ಕಿತ್ತು ಎಸೆಯಿರಿ, ಮಕ್ಕಳು, ನಾಯಿ ಮುಟ್ಟದ ಕಡೆ. ಯಾರಾದರೂ ಈಗಾಗಲೇ ತಿಂದಿದ್ದರೆ ಒಂದು ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ. 6 ಗಂಟೆ ಕಳೆದ ಮೇಲೆ ವಾಂತಿ ಶುರುವಾದರಂತೂ ತಡಮಾಡಬೇಡಿ. ಯಕೃತ್ತು ಕೆಡಿಸುವ ಅಣಬೆಗಳ ವಿಷ ಏರುವುದೇ ಹಾಗೆ ತಡವಾಗಿ. ನಡುವೆ ಒಂದು ದಿನ ಹುಷಾರಾದಂತೆಯೂ ಕಾಣಿಸುತ್ತದೆ.